ತಾರೀಕು ಹದಿನಾಲ್ಕನೇ ಸಾಲಿನಲ್ಲಿತ್ತು

ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಸಣ್ಣ ಮೆಷಿನ್ ಶಾಪ್ ಇದೆ. ಕಂಪ್ಯೂಟರಿನಿಂದ ನಡೆಯುವ ನಾಲ್ಕು ಸಿಎನ್‌ಸಿ ಮೆಷಿನ್, ಎರಡು ಹಳೇ ಲೇತ್, ಹನ್ನೊಂದು ಜನ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಬುಶ್, ಶಾಫ್ಟ್, ಪಿನ್ ಇಂಥವನ್ನು ದೊಡ್ಡ ಕಂಪನಿಗಳಿಗೆ ಮಾಡಿಕೊಡುತ್ತೇವೆ. ಈ ಕೆಲಸಕ್ಕೆ ಬಂದಾಗ ಮೈಕ್ರಾನ್ ಲೆಕ್ಕವೇ ಕಷ್ಟ ಅಂದುಕೊಂಡಿದ್ದೆ. ಆದರೆ ನಾನು ಜಾಸ್ತಿ ಒದ್ದಾಡಿದ್ದು ಮೇಲ್ ಬರೆಯುವುದರಲ್ಲಿ.

2022ರ ಮಾತು. ಹೀಟ್ ಟ್ರೀಟ್‌ಮೆಂಟಿಗೆ, ಅಂದರೆ ಕಾಯಿಸಿ ಗಟ್ಟಿ ಮಾಡಿಸೋಕೆ, ಹೊರಗೆ ಕೊಟ್ಟಿದ್ದ 300 ಶಾಫ್ಟ್‌ಗಳಲ್ಲಿ ಬಹುಪಾಲು ಬಾಗಿ ಬಂದವು. ಮತ್ತೆ ಮಾಡಬೇಕು ಅಂದರೆ ಐದು ದಿನ ತಡ. ಇಡೀ ಮಧ್ಯಾಹ್ನ ಕೂತು ಕಂಪನಿಗೆ ಒಂದು ಮೇಲ್ ಬರೆದೆ. ಮೊದಲು ನಮ್ಮ ಹಳೇ ಸಂಬಂಧದ ಮಾತು. ಆಮೇಲೆ ಹೀಟ್ ಟ್ರೀಟ್‌ಮೆಂಟಿನವರ ತಪ್ಪು. ಆಮೇಲೆ ಕರೆಂಟು. ಆಮೇಲೆ ಫ್ಲೈಓವರ್. ಪೀಣ್ಯ ಫ್ಲೈಓವರನ್ನು 2021ರ ಡಿಸೆಂಬರಿನಲ್ಲಿ ಮುಚ್ಚಿದ್ದರು. ಫೆಬ್ರವರಿಯಲ್ಲಿ ಸಣ್ಣ ಗಾಡಿಗಳನ್ನು ಬಿಟ್ಟರೂ ಲಾರಿಗಳಿಗೆ ಆಗ ಕೆಳಗಿನ ರಸ್ತೆಯೇ ಗತಿಯಾಗಿತ್ತು. ಆ ವರ್ಷ ನಮ್ಮ ಏರಿಯಾದವರೆಲ್ಲರ ತಡಕ್ಕೂ ಅದೇ ನೆಪವಾಗಿತ್ತು, ನಾನೂ ಬಿಡಲಿಲ್ಲ.

ಪರ್ಚೇಸ್ ಆಫೀಸರ್ ಆ ಮೇಲನ್ನು ಅಸೆಂಬ್ಲಿ ಲೈನ್ ಪಕ್ಕ ನಿಂತು ಫೋನಿನಲ್ಲಿ ನೋಡಿದ್ದರು. ಅಲ್ಲಿ ಕಂಡಿದ್ದು ಮೊದಲ ಎರಡು ಸಾಲು, ಅಂದರೆ ನಮಸ್ಕಾರ ಮತ್ತು ಧನ್ಯವಾದ. ಏನೋ ಶುಭಾಶಯ ಇರಬೇಕು ಅಂತ ಮುಚ್ಚಿದ್ದಾರೆ. ಎರಡು ದಿನ ಬಿಟ್ಟು ಫೋನ್ ಬಂತು.

"ಏನ್ರೀ, ಮಾಲು ಇನ್ನೂ ಗೇಟಿಗೆ ಬಂದಿಲ್ವಲ್ಲ?"

"ಮೇಲ್ ಹಾಕಿದ್ದೆನಲ್ಲ ಸಾರ್."

"ಅದರಲ್ಲಿ ತಾರೀಕು ಎಲ್ಲಿದೆ, ತೋರಿಸಿ."

ಎಣಿಸಿ ನೋಡಿದೆ. ಹದಿನಾಲ್ಕನೇ ಸಾಲಿನಲ್ಲಿತ್ತು.

ಆ ರಾತ್ರಿ ಅದೇ ಮೇಲನ್ನು ಮತ್ತೆ ಓದಿದೆ. ಮುಕ್ಕಾಲು ಭಾಗ ನನ್ನನ್ನು ನಾನು ಉಳಿಸಿಕೊಳ್ಳೋಕೆ ಬರೆದಿದ್ದು. ಅವರಿಗೆ ಕೆಲಸಕ್ಕೆ ಬರುವ ಮಾತು ಒಂದೇ ಒಂದು, ಅದೂ ಮುಚ್ಚಿಟ್ಟ ಹಾಗೆ. ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ದೊಡ್ಡ ವಿಷಯ ಏನಾದರೂ ಬರೆಯುವ ಮುಂಚೆ ಹಳೇ ಡೆಲಿವರಿ ಚಲನ್ನಿನ ಹಿಂದೆ ಪೆನ್ಸಿಲ್ಲಿನಲ್ಲಿ ಗೀಚುತ್ತೇನೆ. ಇದನ್ನು ಯಾರು ಓದುತ್ತಾರೆ? ಓದುವಾಗ ಎಲ್ಲಿರುತ್ತಾರೆ? ಓದಿ ಮುಗಿದ ಮೇಲೆ ಏನು ಮಾಡಬೇಕು? ಮೂರನೆಯದಕ್ಕೆ ಉತ್ತರ ಹೊಳೆಯದಿದ್ದರೆ ಕಂಪ್ಯೂಟರ್ ಮುಟ್ಟುವುದಿಲ್ಲ.

ಅದೇ ಶಾಫ್ಟಿನ ಮೇಲನ್ನು ಕಲಿಯೋಕೆ ಅಂತ ತಿರುಗಿ ಬರೆದೆ. ನಮ್ಮ ಮೇಲ್‌ಗಳು ಹೋಗುವುದು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ. ವಿಷಯದ ಸಾಲಿನಲ್ಲೇ ಪಿಒ (ಪರ್ಚೇಸ್ ಆರ್ಡರ್) ನಂಬರ್ ಮತ್ತು "300 ಶಾಫ್ಟ್, 12ರ ಬದಲು 17ಕ್ಕೆ". ಒಳಗೆ: "12ಕ್ಕೆ ಬರಬೇಕಿದ್ದ ಶಾಫ್ಟ್‌ಗಳು 17ರ ಬೆಳಿಗ್ಗೆ ನಿಮ್ಮ ಗೇಟಿನಲ್ಲಿರುತ್ತವೆ. 80 ಪೀಸ್ ಸರಿಯಾಗಿವೆ, ಬೇಕಿದ್ದರೆ ನಾಳೆಯೇ ಕಳಿಸುತ್ತೇನೆ. ಇವತ್ತು ಸಂಜೆ 4ರೊಳಗೆ ಹೇಳಿ. ಹೀಟ್ ಟ್ರೀಟ್‌ಮೆಂಟಿನಲ್ಲಿ ಬಾಗಿವೆ, ಕ್ವಾಲಿಟಿಯವರಿಗೆ ರಿಪೋರ್ಟ್ ಬೇರೆ ಹೋಗಿದೆ."

ಆ 80 ಪೀಸ್ ನೋಡಿ. ಮೊದಲ ಮೇಲಿನಲ್ಲಿ ಅದರ ಸುದ್ದಿಯೇ ಇರಲಿಲ್ಲ, ಯಾಕೆಂದರೆ ಆಗ ಸರಿ ಇದ್ದವನ್ನು ಬೇರೆ ಮಾಡಿಯೇ ಇರಲಿಲ್ಲ. ಅವರ ಜಾಗದಲ್ಲಿ ನಿಂತು ಯೋಚಿಸಿದಾಗ ಗೊತ್ತಾಯಿತು. ಲೈನ್ ನಿಲ್ಲಬಾರದು, ಅಷ್ಟೇ ಅವರಿಗೆ ಬೇಕಿದ್ದದ್ದು. ಎರಡು ದಿನದ ಮಾಲು ಸಿಕ್ಕಿದ್ದರೂ ಅವರು ನಿಭಾಯಿಸುತ್ತಿದ್ದರು. ಪೆನ್ಸಿಲ್ ಹಿಡಿದು ಕೂತರೆ ಹೀಗೇ, ಮೊದಲು ಶಾಪಿನಲ್ಲಿ ಆಗಬೇಕಾದ ಕೆಲಸ ನೆನಪಾಗುತ್ತದೆ. ಬರವಣಿಗೆ ಆಮೇಲಿನದು.

ವ್ಯವಹಾರದ ಪತ್ರ ಕಲಿಸುವವರು ಕೆಟ್ಟ ಸುದ್ದಿಗೆ ಮುಂಚೆ ನಾಲ್ಕು ಒಳ್ಳೆ ಮಾತು ಹಾಕಿ ಅನ್ನುತ್ತಾರೆ. ಕೆಲಸ ಕೇಳಿ ಬಂದ ಹುಡುಗನಿಗೆ ಇಲ್ಲ ಅನ್ನುವಾಗ ನಾನೂ ಹಾಗೇ ಮಾಡುತ್ತೇನೆ. ಮಾಲು ತಡವಾದಾಗ ಮಾತ್ರ ಬೇಡ. ಆ ನಾಲ್ಕು ಒಳ್ಳೆ ಮಾತೇ ನನ್ನನ್ನು ಮುಳುಗಿಸಿದ್ದು.

ಬಾಕಿ ದುಡ್ಡು ಕೇಳುವುದು ಇನ್ನೊಂದು ತಲೆನೋವು. "ದಯವಿಟ್ಟು ನಮ್ಮ ಬಾಕಿ ಬೇಗ ಪಾವತಿಸಿ" ಅಂತ ತಿಂಗಳಿಗೆರಡು ಸಲ ಅಕೌಂಟ್ಸಿಗೆ ಬರೆಯುತ್ತಿದ್ದೆ. ಉತ್ತರ ಬರುತ್ತಿರಲಿಲ್ಲ. ಒಂದು ಕಂಪನಿಗೆ ಹೋಗಿ ಕೂತಾಗ ಅಲ್ಲಿನ ಹೆಣ್ಣುಮಗಳು ಹೇಳಿದರು: "ಸಾರ್, ನಿಮ್ಮ ಬಿಲ್ ನನ್ನ ಹತ್ರ ಬಂದೇ ಇಲ್ಲ. ಸ್ಟೋರ್ಸಿನವರು ಜಿಆರ್‌ಎನ್ ಮಾಡಿಲ್ಲ." ಮಾಲು ತಲುಪಿದೆ ಅನ್ನುವ ಆ ಎಂಟ್ರಿ ಆಗದೆ ಬಿಲ್ ಮುಂದಕ್ಕೆ ಹೋಗುವುದಿಲ್ಲ. ನಾನು ಆರು ತಿಂಗಳು ಏನೂ ಮಾಡಲಾಗದ ಒಬ್ಬರನ್ನು ಸುಮ್ನೆ ಪೀಡಿಸಿದ್ದೆ! ಈಗ ಮಾಲು ಹೋದ ಮಾರನೇ ದಿನವೇ ಸ್ಟೋರ್ಸಿಗೆ ಒಂದು ವಾಟ್ಸ್‌ಆ್ಯಪ್, ಚಲನ್ ನಂಬರ್ ಮತ್ತು "ಜಿಆರ್‌ಎನ್ ನಂಬರ್ ಕೊಡಿ ಅಣ್ಣಾ" ಅಂತ. ಅಕೌಂಟ್ಸಿಗೆ ಬರೆಯುವಾಗ ಬಿಲ್ ನಂಬರ್, ತಾರೀಕು, ಜಿಆರ್‌ಎನ್, ಮೊತ್ತ ಒಂದೇ ಸಾಲಿನಲ್ಲಿ. ಅವರು ಹುಡುಕುವಂತಿರಬಾರದು, ನೋಡಿಕೊಂಡು ಟೈಪ್ ಮಾಡುವಂತಿರಬೇಕು.

ಕಾನೂನಿನ ಮಾತನ್ನು ಎಲ್ಲರಿಗೂ ಬರೆಯಬಾರದು ಅಂತಲೂ ಕಲಿತೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಬರಹದಲ್ಲಿ ಒಪ್ಪಂದ ಇದ್ದರೂ ನಮ್ಮಂಥವರ ದುಡ್ಡನ್ನು 45 ದಿನಕ್ಕಿಂತ ಜಾಸ್ತಿ ಹಿಡಿಯುವಂತಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ಆದಾಯ ತೆರಿಗೆಯಲ್ಲಿ 43ಬಿ(ಎಚ್) ಅನ್ನುವ ಕಲಂ ಬಂದು, 2023–24ರ ಸಾಲಿನಿಂದ ಅದಕ್ಕೊಂದು ಹಿಡಿತ ಸಿಕ್ಕಿತು. ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಗಡುವಿನೊಳಗೆ ಕೊಡದೆ ಉಳಿಸಿಕೊಂಡರೆ, ಕಂಪನಿ ಆ ಖರ್ಚನ್ನು ದುಡ್ಡು ಕೊಟ್ಟ ವರ್ಷವೇ ತೋರಿಸಬೇಕು, ಅಲ್ಲಿವರೆಗೆ ಅದರ ತೆರಿಗೆ ಜಾಸ್ತಿ. ಇದನ್ನು ಸ್ಟೋರ್ಸಿನ ಅಣ್ಣನಿಗೆ ಬರೆದರೆ ಮುಂದಿನ ಸಲ ಅವನು ಗೇಟಿನಲ್ಲೇ ಗಾಡಿ ನಿಲ್ಲಿಸುತ್ತಾನೆ. ಫೈನಾನ್ಸ್ ಮುಖ್ಯಸ್ಥರಿಗೆ ಫೆಬ್ರವರಿ ಕೊನೆಗೆ ಬರೆದರೆ ಅದು ಬೆದರಿಕೆ ಅನ್ನಿಸುವುದಿಲ್ಲ. ಮಾರ್ಚ್ 31ಕ್ಕೆ ಮುಂಚೆ ಯಾರ ಬಾಕಿ ಎಷ್ಟಿದೆ ಅಂತ ಅವರೇ ಹುಡುಕುತ್ತಿರುತ್ತಾರೆ. ನಾನು ಪಟ್ಟಿ ಕೊಡುತ್ತೇನೆ, ಜೊತೆಗೆ ನಮ್ಮದು ಸಣ್ಣ ಘಟಕ ಅಂತ ತೋರಿಸುವ ಉದ್ಯಮ್ ಸರ್ಟಿಫಿಕೇಟ್. ಅಷ್ಟೇ.

ಒಂದು ನಗೆಪಾಟಲಿನ ವಿಷಯವೂ ಇದೆ. 2024ರ ಆಯುಧ ಪೂಜೆಗೆ ಎಲ್ಲರಿಗೂ ಕನ್ನಡದಲ್ಲೇ ಎಸ್ಸೆಮ್ಮೆಸ್ ಕಳಿಸೋಣ ಅಂತ ಹೊರಟೆ. ಕಂಪನಿ ಹೆಸರಿನಲ್ಲಿ ಹೋಗುವ ಎಸ್ಸೆಮ್ಮೆಸ್ಸಿನ ಒಕ್ಕಣೆಯನ್ನು ಮೊದಲೇ ರಿಜಿಸ್ಟರ್ ಮಾಡಿಸಬೇಕು, ಟೆಲಿಕಾಂ ನಿಯಂತ್ರಕ ಟ್ರಾಯ್‌ನ 2018ರ ನಿಯಮ ಅದು. ಹೂವು, ಮಾವಿನ ತೋರಣ ಎಲ್ಲ ಸೇರಿಸಿ ಚೆಂದವಾಗಿ ಬರೆದು ರಿಜಿಸ್ಟರ್ ಮಾಡಿಸಿದೆ. ಬಿಲ್ ಬಂದಾಗ ಮೂರು ಪಟ್ಟು! ಇಂಗ್ಲಿಷಿಗಾದರೆ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ, ಕನ್ನಡಕ್ಕೆ ಬರೀ 70. ಒಂದರಲ್ಲಿ ಹಿಡಿಸದೆ ತುಂಡಾದರೆ ಒಂದೊಂದು ತುಂಡಿಗೆ 67, ಪ್ರತಿ ತುಂಡಿಗೂ ಬೇರೆ ದುಡ್ಡು. ಅದೂ ಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. "ಆಯುಧ ಪೂಜೆ" ಕಣ್ಣಿಗೆ ಐದೇ ಅಕ್ಷರ. ಅವರ ಲೆಕ್ಕದಲ್ಲಿ ನಡುವಿನ ಜಾಗ ಸೇರಿ ಒಂಬತ್ತು. ಮುಂದಿನ ಸಲಕ್ಕೆ ತೋರಣ ಕಿತ್ತುಹಾಕಿ ಒಂದೇ ತುಂಡಿನಲ್ಲಿ ಮುಗಿಸಿದೆ: ಯಾವ ದಿನ, ಎಷ್ಟು ಗಂಟೆಗೆ, ಬನ್ನಿ. ಹೋದ ಸಲಕ್ಕಿಂತ ಕಡಿಮೆ ಜನ ಏನೂ ಬರಲಿಲ್ಲ.

ಶಾಪಿನ ಒಳಗೆ ಮಾತ್ರ ಬರೆಯುವುದು ಕಡಿಮೆ. ನಮ್ಮಲ್ಲಿ ಇಬ್ಬರು ಒಡಿಶಾದವರು, ಒಬ್ಬ ಬಿಹಾರದವನು, ಉಳಿದವರು ಹೆಚ್ಚಾಗಿ ಗದಗ, ಕೊಪ್ಪಳದ ಕಡೆಯವರು. ಶಿಫ್ಟ್ ಬದಲಾದರೆ ಗೋಡೆಗೆ ಚೀಟಿ ಅಂಟಿಸುವುದಕ್ಕಿಂತ ವಾಯ್ಸ್ ಮೆಸೇಜ್ ಒಳ್ಳೆಯದು.

ಇವಿಷ್ಟು ಕಲಿತ ಮೇಲೂ ಒಂದು ಪತ್ರ ನನ್ನ ಕೈಲಿ ಆಗಲಿಲ್ಲ. ರೇಟು ಏರಿಸುವುದು, ಅದೂ ಆ ಶಾಫ್ಟಿನ ಕಂಪನಿಗೇ. ಚಲನ್ನಿನ ಹಿಂದೆ ಮೂರು ಸಲ ಗೀಚಿದೆ. ಸ್ಟೀಲಿನ ದರ ಬರೆದೆ, ಸಂಬಳ ಬರೆದೆ, ಎಷ್ಟು ಬರೆದರೂ ಗೋಗರೆದಂತೆ ಇತ್ತು. ಅಪ್ಪ ಅದನ್ನು ನೋಡಿ, "ಎಷ್ಟೋ ವರ್ಷದಿಂದ ನಮ್ಮ ಮಾಲು ತಗೋತಿದ್ದಾರೆ. ಹೋಗಿ ಎದುರಿಗೆ ಹೇಳು, ಆಮೇಲೆ ಬರಿ" ಅಂದರು. ಹೋದೆ. ಅರ್ಧ ಗಂಟೆ ಮಾತು, ಎರಡು ಕಾಫಿ. ಕೇಳಿದ್ದಷ್ಟು ಸಿಗಲಿಲ್ಲ, ಮುಕ್ಕಾಲು ಸಿಕ್ಕಿತು.

ವಾಪಸ್ ಬರುವಾಗ ಮೆಟ್ರೊದಲ್ಲಿ ನಿಂತುಕೊಂಡೇ ಮೇಲ್ ಹಾಕಿದೆ. ಹೊಸ ರೇಟು, ಯಾವ ತಾರೀಕಿನಿಂದ, ಹಳೇ ಪಿಒಗಳಿಗೆ ಹಳೇ ರೇಟೇ. ಪೀಣ್ಯ ಇಂಡಸ್ಟ್ರಿಯಲ್ಲಿ ಇಳಿಯುವಷ್ಟರಲ್ಲಿ ಉತ್ತರ ಬಂದಿತ್ತು: "ಓಕೆ. ತಾರೀಕು ಮೊದಲನೇ ಸಾಲಿನಲ್ಲೇ ಇದೆ."