ಬಿಸಿಎಂ ಬದಲಿಸುವ ಮೊದಲು ಅರ್ಥಿಂಗ್ ಬೋಲ್ಟ್ ಬಿಚ್ಚಿ ನೋಡಿ

ಎಡಗಡೆಯ ಇಂಡಿಕೇಟರ್ ಹಾಕಿದರೆ ಹಿಂದಿನ ವೈಪರ್ ಅಲ್ಲಾಡುತ್ತದೆ. ರಿಮೋಟ್ ಒತ್ತಿದರೆ ಮೂರು ಬಾಗಿಲು ಲಾಕ್ ಆಗಿ ನಾಲ್ಕನೆಯದು ಹಾಗೇ ಉಳಿಯುತ್ತದೆ. ಒಳಗಿನ ದೀಪ ರಾತ್ರಿಯಿಡೀ ಆರುವುದಿಲ್ಲ, ಬೆಳಿಗ್ಗೆ ಬ್ಯಾಟರಿಯಲ್ಲಿ ಜೀವವಿರುವುದಿಲ್ಲ. ಇಂಥ ಕಾರು ಗಂಗಾವತಿಯ ನನ್ನ ಅಂಗಡಿಗೆ ಬರುವ ಹೊತ್ತಿಗೆ ಮಾಲೀಕರ ಬಾಯಲ್ಲಿ ರೋಗದ ಹೆಸರು ತಯಾರಾಗಿರುತ್ತದೆ: "ಬಿಸಿಎಂ ಹೋಗಿದೆಯಂತೆ." ಅದನ್ನು ಹೇಳಿದವರು ಯಾರು, ಯಾವ ಮಲ್ಟಿಮೀಟರ್ ಹಿಡಿದು ಹೇಳಿದರು ಎಂದು ಕೇಳಿದರೆ ಉತ್ತರವಿರುವುದಿಲ್ಲ.

ಬಿಸಿಎಂ ಎಂದರೆ ಬಾಡಿ ಕಂಟ್ರೋಲ್ ಮಾಡ್ಯೂಲ್. ಎಂಜಿನ್‌ಗೆ ಅದರದೇ ಕಂಪ್ಯೂಟರ್ ಬೇರೆ ಇದೆ. ದೀಪ, ವೈಪರ್, ಹಾರ್ನ್, ಡೋರ್ ಲಾಕ್, ಪವರ್ ವಿಂಡೋ ಇವೆಲ್ಲ ಬಿಸಿಎಂ ಪಾಲಿಗೆ ಬರುತ್ತವೆ. ಅನೇಕ ಕಾರುಗಳಲ್ಲಿ ಕೀಲಿಯನ್ನು ಗುರುತಿಸುವ ಇಮೊಬಿಲೈಸರ್ ಕೂಡ ಇದರೊಳಗೇ ಇರುತ್ತದೆ. ಡ್ಯಾಶ್‌ಬೋರ್ಡ್ ಕೆಳಗೆ, ಚಾಲಕನ ಕಾಲಿನ ಪಕ್ಕದಲ್ಲೋ ಗ್ಲೋವ್ ಬಾಕ್ಸ್ ಹಿಂದೆಯೋ ಕೂತಿರುವ ಪೆಟ್ಟಿಗೆ. ಬಿಚ್ಚುವುದು ಸುಲಭ, ಕೊಳ್ಳುವುದು ದುಬಾರಿ. ಅದು ನಿಜವಾಗಿಯೂ ಕೆಟ್ಟಿದೆ ಎಂದು ಸಾಬೀತು ಮಾಡುವುದೇ ಈ ಕೆಲಸದ ಮುಕ್ಕಾಲು ಪಾಲು.

ಮೊದಲು ಬ್ಯಾಟರಿ. ಎಂಜಿನ್ ನಿಲ್ಲಿಸಿ ಕೆಲವು ಗಂಟೆ ಕಳೆದ ಮೇಲೆ ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಚಾಲೂ ಇದ್ದಾಗ ಸಾಮಾನ್ಯವಾಗಿ 13.8ರಿಂದ 14.5ರವರೆಗೆ. ವೋಲ್ಟೇಜ್ ಕುಸಿದಾಗ ಬಿಸಿಎಂ ಹುಚ್ಚುಹುಚ್ಚಾಗಿ ಆಡುವುದು ಸಹಜ, ಅದು ಪೆಟ್ಟಿಗೆಯ ತಪ್ಪಲ್ಲ. ಆಮೇಲೆ ಫ್ಯೂಸ್‌ಗಳು. ಇದರಲ್ಲಿ ಹೇಳುವುದಕ್ಕೆ ಹೆಚ್ಚೇನಿಲ್ಲ, ಕಣ್ಣಿನಲ್ಲಿ ನೋಡಿ ಬಿಡದೆ ಎರಡೂ ತುದಿಗೆ ಮೀಟರ್ ಇಟ್ಟು ನೋಡಿ.

ಇನ್ನು ಅರ್ಥಿಂಗ್, ಅಂದರೆ ಕರೆಂಟ್ ಕಾರಿನ ಬಾಡಿಯ ಮೂಲಕ ಬ್ಯಾಟರಿಯ ಮೈನಸ್‌ಗೆ ಹಿಂತಿರುಗುವ ದಾರಿ. ಕಾರಟಗಿಯ ಅಕ್ಕಿ ವ್ಯಾಪಾರಿಯೊಬ್ಬರ ಕಾರು ಹೊಸ ಬಿಸಿಎಂ ಹಾಕಿಸಿಕೊಂಡ ಮೇಲೂ ಹಳೇ ಚಾಳಿ ಬಿಡದೆ ನನ್ನಲ್ಲಿಗೆ ಬಂತು. ಎಡಬಾಗಿಲಿನ ಹೊಸ್ತಿಲ ಪ್ಲಾಸ್ಟಿಕ್ ಪಟ್ಟಿ ಎಬ್ಬಿಸಿ, ಕಾರ್ಪೆಟ್ ಮಡಚಿದರೆ ಬಾಡಿಗೆ ಬಿಗಿದ ಬೋಲ್ಟ್ ಕಾಣಿಸಿತು. ಅದರ ಕೆಳಗೆ ಮೂರು ಕಪ್ಪು ವೈರುಗಳ ಲಗ್ಗುಗಳು, ಅಂದರೆ ತುದಿಯ ಲೋಹದ ಬಳೆಗಳು, ಒಂದರ ಮೇಲೊಂದು. ಮೇಲಿನದು ಹೊಳೆಯುತ್ತಿತ್ತು. 10 ನಂಬರ್ ಸ್ಪ್ಯಾನರ್ ಹಾಕಿ ಬಿಚ್ಚಿದರೆ ಕೆಳಗಿನ ಎರಡಕ್ಕೆ ಹಸಿರು ಕಿಲುಬು ಹಿಡಿದಿತ್ತು, ಬಾಡಿಯ ತಗಡಿಗೆ ತುಕ್ಕು. ಎಮರಿ ಕಾಗದದಲ್ಲಿ ಉಜ್ಜಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಿದೆ. ವೈಪರ್ ತೆಪ್ಪಗಾಯಿತು. "ಹಾಗಾದರೆ ಹೊಸ ಬಾಕ್ಸಿಗೆ ಕೊಟ್ಟ ದುಡ್ಡು?" ಎಂದರು. "ಸಾವುಕಾರರೇ, ಅದನ್ನು ಹಾಕಿದವರನ್ನೇ ಕೇಳಬೇಕು" ಎಂದೆ.

ಇದನ್ನು ಬಿಚ್ಚದೆಯೇ ಪತ್ತೆ ಮಾಡಬಹುದು. ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿ. ವೈರುಗಳನ್ನು ಪೆಟ್ಟಿಗೆಗೆ ಸೇರಿಸುವ ಪ್ಲಗ್ಗು, ಅಂದರೆ ಕಪ್ಲರ್, ಕೂತಿರುವಂತೆಯೇ ಹಿಂಬದಿಯಿಂದ ಬಿಸಿಎಂ ಅರ್ಥಿಂಗ್ ವೈರಿಗೆ ಮೀಟರಿನ ಒಂದು ಮೊನೆ, ಬ್ಯಾಟರಿಯ ಮೈನಸ್‌ಗೆ ಇನ್ನೊಂದು. 0.1 ವೋಲ್ಟಿನೊಳಗೆ ಇದ್ದರೆ ಒಳ್ಳೆಯದು. ಅರ್ಧ ವೋಲ್ಟ್ ತೋರಿಸಿದರೆ ಕಳ್ಳ ಅಲ್ಲೇ ಇದ್ದಾನೆ. ವಿದ್ಯುತ್ತಿಗೆ ನೇರ ದಾರಿ ಸಿಗದಾಗ ಅದು ಬೇರೆ ದೀಪ, ಬೇರೆ ಮೋಟಾರಿನ ಮೂಲಕ ಹಿಂತಿರುಗಲು ನೋಡುತ್ತದೆ. ಒಂದು ಸ್ವಿಚ್ ಒತ್ತಿದರೆ ಇನ್ನೊಂದು ಕೆಲಸ ಆಗುವ ದೆವ್ವದಾಟದ ಗುಟ್ಟು ಬಹಳ ಸಲ ಇದೇ.

ಬರಿಯ ಮೀಟರನ್ನು ಪೂರ್ತಿ ನಂಬಬೇಡಿ. ಇಲಿ ಕಡಿದು ಒಂದೇ ಎಳೆ ಉಳಿದ ವೈರೂ ಮೀಟರಿಗೆ 12 ವೋಲ್ಟ್ ತೋರಿಸುತ್ತದೆ. ಆದ್ದರಿಂದ ಒಂದು 21 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರು ಬೆಸುಗೆ ಹಾಕಿ ಇಟ್ಟುಕೊಳ್ಳಿ. ಬಿಸಿಎಂ ಕಪ್ಲರ್ ಕಳಚಿ, ದಪ್ಪ ಪ್ಲಸ್ ವೈರಿಗೂ ಅರ್ಥಿಂಗ್ ವೈರಿಗೂ ನಡುವೆ ಅದನ್ನು ಹಿಡಿಯಿರಿ. ಪ್ರಖರವಾಗಿ ಉರಿದರೆ ದಾರಿ ಗಟ್ಟಿ, ಮಂಕಾಗಿ ಉರಿದರೆ ವೈರಿಂಗ್ ಹುಡುಕಿ. ಈ ಬಲ್ಬನ್ನು ಸಣ್ಣ ಸಿಗ್ನಲ್ ವೈರುಗಳಿಗೆ ಮುಟ್ಟಿಸಬಾರದು. ಏರ್‌ಬ್ಯಾಗಿನ ಹಳದಿ ಕಪ್ಲರ್ ಹತ್ತಿರ ಬಲ್ಬೂ ಬೇಡ, ಮೀಟರೂ ಬೇಡ.

ಇಲಿಯ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಕಟಾವು ಮುಗಿದು ಗದ್ದೆ ಬರಿದಾದರೆ ಇಲಿಗಳು ರೈಸ್ ಮಿಲ್ಲಿನ ಅಂಗಳಕ್ಕೆ ಬರುತ್ತವೆ, ಅಲ್ಲಿ ನಿಂತ ಕಾರಿನ ಬೆಚ್ಚಗಿನ ಬಾನೆಟ್ಟಿಗೂ ಬರುತ್ತವೆ. ಮಿಲ್ಲಿನ ಕಾರು ಬಂದರೆ ನಾನು ಕಾರಿನ ಕಂಪ್ಯೂಟರುಗಳ ದೋಷ ಓದುವ ಸ್ಕ್ಯಾನರ್ ತೆಗೆಯುವ ಮೊದಲು ಟಾರ್ಚ್ ತೆಗೆಯುತ್ತೇನೆ. ಧೂಳು, ಹೊಟ್ಟು ತುಂಬಿ ಎಸಿಯ ನೀರಿನ ಪೈಪು ಕಟ್ಟಿಕೊಳ್ಳುವುದು ಇನ್ನೊಂದು ಕಾಟ. ಹೊರಗೆ ಸುರಿಯಬೇಕಾದ ನೀರು ಒಳಗೆ ಇಳಿಯುತ್ತದೆ. ಮ್ಯಾಟ್ ಎತ್ತಿ ಕಾರ್ಪೆಟ್ಟಿನ ಅಡಿಗೆ ಕೈ ಹಾಕಿ ನೋಡಿ. ಒದ್ದೆಯಿದ್ದರೆ ಮೊದಲು ಆ ನೀರನ್ನು ನಿಲ್ಲಿಸಿ, ಇಲ್ಲವಾದರೆ ಹೊಸ ಬಿಸಿಎಂ ಕೂಡ ಅದೇ ನೀರು ಕುಡಿಯುತ್ತದೆ.

ಈಗ ಸ್ಕ್ಯಾನರ್. ಯು0140 ಎಂಬ ಕೋಡ್ ಬಂದರೆ "ನೋಡಿ, ಸ್ಕ್ಯಾನರೇ ಹೇಳುತ್ತಿದೆ" ಎಂದು ಸಂಭ್ರಮಿಸುವವರಿದ್ದಾರೆ. ಆ ಕೋಡಿಗೆ ಇರುವ ಅರ್ಥ, ಬಿಸಿಎಂ ಮಾತು ಉಳಿದ ಕಂಪ್ಯೂಟರುಗಳಿಗೆ ಕೇಳಿಸುತ್ತಿಲ್ಲ ಎಂದಷ್ಟೇ. ಅದಕ್ಕೆ ಕರೆಂಟ್ ಬರದಿರಬಹುದು, ಮಾತು ಸಾಗುವ ಕ್ಯಾನ್ ವೈರು ತುಂಡಾಗಿರಬಹುದು. ಬ್ಯಾಟರಿ ಕಳಚಿ ಸ್ಕ್ಯಾನರ್ ಸಿಕ್ಕಿಸುವ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳ ನಡುವೆ ಓಮ್ ಅಳೆಯಿರಿ. ಬಹುತೇಕ ಕಾರುಗಳಲ್ಲಿ 60 ಓಮ್ ಆಸುಪಾಸು ಬರಬೇಕು. 120 ಬಂದರೆ ಒಂದು ತುದಿ ಕಡಿದಿದೆ, ಸೊನ್ನೆಯ ಹತ್ತಿರ ಬಂದರೆ ಎರಡು ವೈರು ಒಂದಕ್ಕೊಂದು ತಾಗಿವೆ.

ಕರೆಂಟ್, ಅರ್ಥಿಂಗ್, ಕ್ಯಾನ್ ವೈರು, ಸ್ವಿಚ್ಚಿನಿಂದ ಬರುವ ಸೂಚನೆ ಎಲ್ಲ ಸರಿಯಿದ್ದೂ ಬಿಸಿಎಂ ತನ್ನ ಔಟ್‌ಪುಟ್ ಕೊಡದಿದ್ದರೆ ಆಗ ಒಪ್ಪಿಕೊಳ್ಳಿ, ಪೆಟ್ಟಿಗೆ ಕೆಟ್ಟಿದೆ. ಆಗಲೂ ಒಂದೇ ಒಂದು ಕೆಲಸ ನಿಂತಿದ್ದರೆ, ಉದಾಹರಣೆಗೆ ವೈಪರ್ ಮಾತ್ರ, ಒಳಗೆ ಬೋರ್ಡಿಗೆ ಬೆಸೆದ ರಿಲೇ, ಅಂದರೆ ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್ಚು, ಅಂಟಿಕೊಂಡಿರಬಹುದು. ಒಳ್ಳೆಯ ಎಲೆಕ್ಟ್ರಾನಿಕ್ಸ್ ರಿಪೇರಿಯವರ ಕೈಗೆ ಕೊಟ್ಟರೆ ರಿಲೇ ಬದಲಿಸಿ ಕೊಡುತ್ತಾರೆ, ಹೊಸ ಪೆಟ್ಟಿಗೆಗೆ ಕಾರಿನ ವಿವರ ತುಂಬುವ ಕೋಡಿಂಗ್ ಗೋಜೂ ಇಲ್ಲ.

ಬದಲಿಸಲೇಬೇಕಾದರೆ ಹಳೆಯದರ ಮೇಲಿನ ಚೀಟಿಯ ಪಾರ್ಟ್ ನಂಬರನ್ನು ಕೊನೆಯ ಅಕ್ಷರದವರೆಗೆ ಹೊಂದಿಸಿ. ಒಂದೇ ಮಾದರಿಯ ಕಾರಿನಲ್ಲೂ ಕೆಳದರ್ಜೆಗೆ ಒಂದು, ಮೇಲ್ದರ್ಜೆಗೆ ಇನ್ನೊಂದು ಇರುತ್ತದೆ. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ. ಅದರೊಳಗೆ ಇನ್ನೊಂದು ಕಾರಿನ 17 ಅಕ್ಷರಗಳ ಚಾಸಿಸ್ ನಂಬರೂ ಅದರ ಕೀಲಿಗಳ ಗುರುತೂ ಇರಬಹುದು. ನಿಮ್ಮ ಕೀಲಿಯನ್ನು ಅದು ಪರಕೀಯನೆಂದೇ ತಿಳಿಯುತ್ತದೆ, ಎಂಜಿನ್ ಚಾಲೂ ಆಗಲು ಬಿಡುವುದಿಲ್ಲ. ಹಳೆಯದರ ಮೆಮೊರಿಯನ್ನು ಹೊಸದಕ್ಕೆ ನಕಲು ಮಾಡಬಲ್ಲವರು ಪಕ್ಕದಲ್ಲಿದ್ದರೆ ಮಾತ್ರ ಆ ದಾರಿ ಹಿಡಿಯಿರಿ.

ಬಿಚ್ಚುವ ಮೊದಲು, ಹಳೆಯ ಬಿಸಿಎಂ ಇನ್ನೂ ಮಾತನಾಡುತ್ತಿದ್ದರೆ, ಸ್ಕ್ಯಾನರಿನಿಂದ ಅದರ ಕೋಡಿಂಗನ್ನು ಓದಿ ಉಳಿಸಿಕೊಳ್ಳಿ. ಕಿಟಕಿ ಗಾಜು ಇಳಿಸಿ, ಕೀಲಿಯನ್ನು ಹೊರಗೆ ಇಟ್ಟುಕೊಳ್ಳಿ. ಬ್ಯಾಟರಿಯ ಮೈನಸ್ ಕಳಚಿ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಿರಿ. ಏರ್‌ಬ್ಯಾಗಿನ ಕೆಪಾಸಿಟರ್ ಖಾಲಿಯಾಗಬೇಕು. ನಾನು ಆ ಹೊತ್ತಿನಲ್ಲಿ ಚಹಾ ಕುಡಿಯುತ್ತೇನೆ. ಕಪ್ಲರುಗಳ ಫೋಟೊ ತೆಗೆದು, ಲಾಕ್ ಒತ್ತಿ, ಕಪ್ಲರನ್ನೇ ಹಿಡಿದು ಎಳೆಯಿರಿ, ವೈರು ಹಿಡಿದಲ್ಲ. ಒಳಗಿನ ಪಿನ್ನುಗಳನ್ನು ಬೆಳಕಿಗೆ ಹಿಡಿದು ನೋಡಿ: ಬಾಗಿದ್ದು, ಕಪ್ಪಾದದ್ದು, ಹಸಿರಾದದ್ದು ಇದ್ದರೆ ಈಗಲೇ ಸರಿಪಡಿಸಬೇಕು. ಹೊಸ ಪೆಟ್ಟಿಗೆ ಮುಟ್ಟುವ ಮುನ್ನ ಬಾಡಿಯ ಬರಿಯ ಲೋಹವನ್ನು ಒಮ್ಮೆ ಮುಟ್ಟಿ. ನಮ್ಮ ಒಣಹವೆಯಲ್ಲಿ ಮೈಮೇಲಿನ ಸ್ಥಾಯೀ ವಿದ್ಯುತ್ತು ಚಿಪ್ಪನ್ನು ಸುಡಬಲ್ಲದು. ಮೈನಸ್ ಕೊನೆಗೆ ಜೋಡಿಸಿ.

ಕೋಡಿಂಗ್ ಎಲ್ಲರಿಗೂ ಆಗುವ ಕೆಲಸವಲ್ಲ. ಚಾಸಿಸ್ ನಂಬರ್ ಬರೆಯಬೇಕು, ಕಾರಿನಲ್ಲಿ ಏನೇನಿದೆ ಎಂದು ತಿಳಿಸಬೇಕು, ಎಲ್ಲ ಕೀಲಿಗಳನ್ನೂ ಪರಿಚಯಿಸಬೇಕು. ಕೆಲವು ಕಂಪನಿಗಳು ಇದಕ್ಕೆ ತಮ್ಮ ಅಧಿಕೃತ ಸರ್ವೀಸ್ ಕೇಂದ್ರದ ಲಾಗಿನ್ ಇಲ್ಲದೆ ಬಿಡುವುದಿಲ್ಲ. ಹಾಗಿದ್ದರೆ ಪೆಟ್ಟಿಗೆ ಕೊಳ್ಳುವ ಮೊದಲೇ ಆ ಖರ್ಚನ್ನು ವಿಚಾರಿಸಿ. ಕೋಡಿಂಗ್ ನಡೆಯುವಾಗ ಬ್ಯಾಟರಿಗೆ ಚಾರ್ಜರ್ ಜೋಡಿಸಿರಲೇಬೇಕು. ನಡುವೆ ವೋಲ್ಟೇಜ್ ಬಿದ್ದರೆ ಹೊಸ ಬಿಸಿಎಂ ಅರ್ಧ ಬರೆದ ಸ್ಥಿತಿಯಲ್ಲೇ ಕಲ್ಲಾಗಿ ಕೂರಬಹುದು.

ಮುಗಿದ ಮೇಲೆ ಪ್ರತಿಯೊಂದು ದೀಪ, ಬಾಗಿಲು, ಗಾಜು, ಎರಡೂ ಕೀಲಿ ಪರೀಕ್ಷಿಸಿ. ಒಂದೇ ಒತ್ತಿಗೆ ಏರುವ ಗಾಜನ್ನು ಪೂರ್ತಿ ಇಳಿಸಿ, ಪೂರ್ತಿ ಏರಿಸಿ, ಕೆಲವು ಕ್ಷಣ ಸ್ವಿಚ್ ಹಿಡಿದರೆ ಅನೇಕ ಕಾರುಗಳಲ್ಲಿ ಮತ್ತೆ ಕಲಿಯುತ್ತದೆ. ಕೊನೆಯ ಪರೀಕ್ಷೆಯನ್ನು ಹೆಚ್ಚಿನವರು ಮಾಡುವುದಿಲ್ಲ. ಮೀಟರನ್ನು 10 ಆಂಪಿಯರಿಗೆ ಇಟ್ಟು ಬ್ಯಾಟರಿಯ ಮೈನಸ್ ದಾರಿಯಲ್ಲಿ ಸೇರಿಸಿ, ಕಾರು ಲಾಕ್ ಮಾಡಿ, ಅರ್ಧ ಗಂಟೆ ಅದರ ತಂಟೆಗೆ ಹೋಗಬೇಡಿ. ಮೀಟರ್ ನಡುವೆ ಇರುವಾಗ ಎಂಜಿನ್ ಚಾಲೂ ಮಾಡಬಾರದು. ಎಲ್ಲ ಕಂಪ್ಯೂಟರುಗಳು ಮಲಗಿದ ಮೇಲೆ 50 ಮಿಲಿಆಂಪಿಯರಿಗಿಂತ ಕಡಿಮೆ ಇರಬೇಕು. ಅರ್ಧ ಆಂಪಿಯರ್ ಹರಿಯುತ್ತಿದ್ದರೆ ದಿನಕ್ಕೆ 12 ಆಂಪಿಯರ್-ಗಂಟೆ ಸೋರಿದಂತೆ. 45 ಆಂಪಿಯರ್-ಗಂಟೆಯ ಬ್ಯಾಟರಿ ನಾಲ್ಕು ದಿನವೂ ಬಾಳುವುದಿಲ್ಲ, ಕಾರನ್ನು ಮನೆಯಲ್ಲಿ ನಿಲ್ಲಿಸಿ ತಿರುಪತಿಗೆ ಹೋಗಿ ಬರುವಷ್ಟರಲ್ಲಿ ಕಾರು ನೂಕಬೇಕಾಗುತ್ತದೆ.

ಹಳೆಯ ಬಿಸಿಎಂ ಅನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ, ಕೇಳಿ ಪಡೆಯಿರಿ. ಹೊಸದರ ಕೋಡಿಂಗ್ ಎಂದಾದರೂ ಕೆಟ್ಟರೆ ನಿಮ್ಮ ಕೀಲಿಗಳ ಗುರುತನ್ನು ಅದರ ಮೆಮೊರಿ ಚಿಪ್ಪಿನಿಂದ ಓದಿ ತೆಗೆಯುವ ಸಾಧ್ಯತೆ ಇರುತ್ತದೆ.