ಬಾಯಾಗ ಉಸುರ ಎಳೀರಿ: ಗೋವಾದ ಪಾರ್ಟಿ ಬೋಟಿನಲ್ಲಿ ಹೋಗಿ ಮೀನು ನೋಡಿಬಂದ ನನ್ನ ಅನುಭವ

ನನಗೆ ಈಜು ಬರುವುದಿಲ್ಲ. ಧಾರವಾಡದಲ್ಲೇ ಹುಟ್ಟಿ ಬೆಳೆದವಳು. ಕೆಲಗೇರಿ ಕೆರೆಯ ದಂಡೆಯಲ್ಲಿ ಸಂಜೆ ಹೊತ್ತು ಕೂತದ್ದು ಬಿಟ್ಟರೆ ನೀರಿನ ಒಡನಾಟ ಇರಲಿಲ್ಲ. ಆದರೂ ಕಳೆದ ಜನವರಿಯಲ್ಲಿ ಗೋವಾದ ಗ್ರ್ಯಾಂಡ್ ಐಲ್ಯಾಂಡ್ ಅನ್ನುವ ದ್ವೀಪದ ಹತ್ತಿರ ಸಮುದ್ರದಲ್ಲಿ ಮುಖ ಮುಳುಗಿಸಿ, ಬಾಯಲ್ಲಿ ಕೊಳವೆ ಇಟ್ಟುಕೊಂಡು ಸುಮಾರು 25 ನಿಮಿಷ ಮೀನು ನೋಡಿಬಂದೆ. ಇದಕ್ಕೆ ಸ್ನಾರ್ಕೆಲಿಂಗ್ ಅನ್ನುತ್ತಾರೆ. ಅದಕ್ಕೆ ಮಾಡಿಕೊಂಡ ತಯಾರಿ ಏನು, ಎಲ್ಲಿ ಎಡವಿದೆ ಅನ್ನುವುದನ್ನು ಬರೆಯುತ್ತಿದ್ದೇನೆ. ನಮ್ಮ ಕಡೆಯಿಂದ ಪ್ರತಿ ವರ್ಷ ಎಷ್ಟೋ ಮಂದಿ ಗೋವಾಕ್ಕೆ ಹೋಗುತ್ತಾರೆ, ದ್ವೀಪಕ್ಕೆ ಹೋಗುವ ಪಾರ್ಟಿ ಬೋಟು ಹತ್ತುತ್ತಾರೆ; ಹೆಂಗಸರು ಮಾತ್ರ ಹೆಚ್ಚಾಗಿ ಪರ್ಸು, ಚಪ್ಪಲಿ ಕಾಯುತ್ತ ಬೋಟಿನಲ್ಲೇ ಕೂತುಬಿಡುತ್ತಾರೆ.

ಆರು ಜನ ಹೋಗಿದ್ದೆವು: ನಾನು, ಯಜಮಾನರು, 11 ವರ್ಷದ ಮಗಳು, ಮೈದುನ, ಅವನ ಹೆಂಡತಿ, 67 ವರ್ಷದ ನಮ್ಮ ಅತ್ತೆ. ಅಳ್ನಾವರ, ಲೋಂಡಾ ಮೇಲೆ ಅನಮೋಡ ಘಾಟ ಇಳಿದು ಹೋದೆವು.

ಕಲಂಗೂಟ್ ದಂಡೆಯಲ್ಲಿ ಹತ್ತು ಹೆಜ್ಜೆಗೊಬ್ಬ ಏಜೆಂಟ್ ಸಿಗುತ್ತಾನೆ. ಡಾಲ್ಫಿನ್, ಊಟ, ಬಿಯರು, ಡಿಜೆ, ಸ್ನಾರ್ಕೆಲಿಂಗ್ ಎಲ್ಲ ಸೇರಿ ಇಷ್ಟು ಅಂತ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ನಾನು ರೇಟಿಗಿಂತ ಮೊದಲು ಕೇಳಿದ್ದು ಬೇರೆ. ಬೋಟಿನಲ್ಲಿ ಎಷ್ಟು ಜನ? ನೀರಿಗೆ ಇಳಿದಾಗ ಜೊತೆಗೆ ಎಷ್ಟು ಗೈಡುಗಳು? ನೀರಿನಲ್ಲಿ ಎಷ್ಟು ಹೊತ್ತು? ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯಾ? ಮೊದಲು ಸಿಕ್ಕವನು "ಅದೆಲ್ಲ ನಡೀತದೆ ಮೇಡಂ" ಅಂದ. ಅವನನ್ನು ಬಿಟ್ಟೆ. ಮೂರನೆಯವನು 24 ಜನ, ಮೂರು ಗೈಡು ಅಂತ ಸರಿಯಾಗಿ ಹೇಳಿ, ಮಕ್ಕಳ ಜಾಕೆಟ್ಟಿನ ಫೋಟೋವನ್ನೂ ಕಳಿಸಿದ. ತಲೆಗೆ 1,800 ರೂಪಾಯಿ. ಇನ್ನೊಬ್ಬ 1,300ಕ್ಕೇ ಕರೆದೊಯ್ಯುತ್ತೇನೆ ಅಂದಿದ್ದ, ಆದರೆ ಅವನ ಬೋಟಿಗೆ 60 ಜನ. ಐನೂರು ರೂಪಾಯಿ ಉಳಿಸಲು ಹೋಗಿ ನನ್ನ ಮಗಳನ್ನು ನೀರಿನಲ್ಲಿ ನೋಡಿಕೊಳ್ಳುವವರೇ ಇಲ್ಲದಂತಾಗುವುದು ನನಗೆ ಬೇಡವಾಗಿತ್ತು. ವಾರದ ನಡುವಿನ ದಿನ, ಬೆಳಗಿನ ಮೊದಲ ಬೋಟು ಕೇಳಿ ತೆಗೆದುಕೊಂಡೆವು. ಮಧ್ಯಾಹ್ನವಾದಂತೆ ಕಡಲಗಾಳಿ ಏರುತ್ತದೆ, ಅಲೆ ಹೆಚ್ಚುತ್ತದೆ. ನೀರಿಗೆ ಹೊಸಬರಾದವರಿಗೆ ಬೆಳಗೇ ಒಳ್ಳೆಯದು.

ನಿಜವಾದ ತಯಾರಿ ಶುರುವಾಗಿದ್ದು ಅದಕ್ಕೂ ಒಂದು ವಾರ ಮೊದಲು, ಮನೆಯ ಬಚ್ಚಲಲ್ಲಿ. ಸ್ನಾರ್ಕೆಲ್ ಅಂದರೆ ಒಂದು ಬಾಗಿದ ಕೊಳವೆ, ಅಷ್ಟೆ. ಒಂದು ತುದಿ ಬಾಯಲ್ಲಿ, ಇನ್ನೊಂದು ನೀರಿನ ಮೇಲೆ. ಕಣ್ಣು, ಮೂಗು ಎರಡನ್ನೂ ಮಾಸ್ಕ್ ಮುಚ್ಚುತ್ತದೆ. ಅಂದರೆ ಮೂಗಿಗೆ ಕೆಲಸವಿಲ್ಲ, ಉಸಿರೆಲ್ಲ ಬಾಯಿಯಿಂದ. ಕೇಳಲು ಸುಲಭ. ಆದರೆ ಮುಖಕ್ಕೆ ನೀರು ತಾಗಿದ ಕೂಡಲೇ ನಾವು ಉಸಿರು ಬಿಗಿಹಿಡಿಯುತ್ತೇವೆ, ಇಲ್ಲವೇ ಮೂಗಿನಿಂದ ಎಳೆಯಲು ಹೋಗುತ್ತೇವೆ. ಈ ಅಭ್ಯಾಸ ಮುರಿಯಬೇಕಿತ್ತು. ಆನ್‌ಲೈನಿನಲ್ಲಿ ಒಂದು ಸೆಟ್ ತರಿಸಿ, ಬಕೆಟ್ಟಿನಲ್ಲಿ ನೀರು ತುಂಬಿ, ದಿನಾ ಹತ್ತು ನಿಮಿಷ ಅದರಲ್ಲಿ ಮುಖ ಇಟ್ಟೆ. ಮೊದಲ ದಿನ ಮೂರು ಉಸಿರಿಗೇ ತಲೆ ಎತ್ತಿದೆ. ಐದನೇ ದಿನಕ್ಕೆ ನೂರು ಎಣಿಸುವಷ್ಟು ಹೊತ್ತು ಇರಲು ಬಂತು. ಮಗಳು ಎರಡೇ ದಿನಕ್ಕೆ ಕಲಿತಳು.

ಪಣಜಿಯ ಹೋಟೆಲಿನ ಈಜುಕೊಳದಲ್ಲಿ, ಎದೆಮಟ್ಟದ ನೀರಿನಲ್ಲಿ, ಉಳಿದದ್ದನ್ನು ಕಲಿತೆವು. ಮಾಸ್ಕ್ ಸರಿಹೊಂದುತ್ತದೋ ಇಲ್ಲವೋ ನೋಡಲು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಸ್ವಲ್ಪ ಉಸಿರೆಳೆಯಬೇಕು. ಕೈ ಬಿಟ್ಟರೂ ಬೀಳದೆ ಅಂಟಿಕೊಂಡರೆ ಅದು ನಿಮ್ಮ ಮುಖದ ಅಳತೆ. ಅಂಚಿನಲ್ಲಿ ಒಂದು ಕೂದಲೆಳೆ ಸಿಕ್ಕಿದ್ದರೂ ನೀರು ಒಳಗೆ ಬರುತ್ತದೆ. ಯಜಮಾನರ ಮೀಸೆಯಿಂದ ಇದೇ ತೊಂದರೆಯಾಯಿತು, ಮೀಸೆಗೆ ವ್ಯಾಸಲೀನ್ ಹಚ್ಚಿದ ಮೇಲೆ ಕಡಿಮೆಯಾಯಿತು. ಒಳಗೆ ನೀರು ಬಂದರೆ ಮಾಸ್ಕಿನ ಮೇಲಂಚು ಒತ್ತಿಹಿಡಿದು ಮೂಗಿನಿಂದ ಜೋರಾಗಿ ಉಸಿರು ಬಿಟ್ಟರಾಯಿತು, ನೀರು ಕೆಳಗಿನಿಂದ ಹೊರಹೋಗುತ್ತದೆ. ಕೊಳವೆಗೆ ನೀರು ಹೊಕ್ಕರೆ "ತೂ" ಅಂತ ಬಾಯಿಂದ ಊದಬೇಕು. ಈ ಎರಡು ಬಂದರೆ ಅರ್ಧ ಭಯ ಹೋಗುತ್ತದೆ.

ಕನ್ನಡಕದವರಿಗೆ ಒಂದು ಮಾತು. ಮಾಸ್ಕಿನ ಒಳಗೆ ಕನ್ನಡಕ ಕೂರುವುದಿಲ್ಲ, ಅದರ ಕಡ್ಡಿ ಅಂಚನ್ನು ಎತ್ತಿಬಿಡುತ್ತದೆ. ನನ್ನದು ಮೈನಸ್ 1.5. ನೀರಿನೊಳಗೆ ಎಲ್ಲವೂ ಇರುವುದಕ್ಕಿಂತ ಹತ್ತಿರವಾಗಿ, ಸುಮಾರು ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುವುದರಿಂದ ಒಂದು ಮಾರಿನೊಳಗಿನ ಮೀನು ಸಾಕಷ್ಟು ಸ್ಪಷ್ಟವಾಗಿತ್ತು. ನಂಬರು ಹೆಚ್ಚಿರುವವರು ನಂಬರಿನ ಗಾಜು ಕೂರಿಸಿದ ಮಾಸ್ಕನ್ನೇ ಕೊಳ್ಳುವುದು ವಾಸಿ.

ಹಿಂದಿನ ರಾತ್ರಿ ಡಾಕ್ಟರನ್ನು ಫೋನಿನಲ್ಲಿ ಕೇಳಿ ಎಲ್ಲರೂ ವಾಂತಿ ತಡೆಯುವ ಗುಳಿಗೆ ತೆಗೆದುಕೊಂಡೆವು. ಬೋಟು ಅಲುಗಾಡಲು ಶುರುವಾದ ಮೇಲೆ ನುಂಗಿದರೆ ತಡವಾಯಿತೆಂದೇ ಲೆಕ್ಕ. ಬೆಳಗ್ಗೆ ಎರಡು ಇಡ್ಲಿ, ಅಷ್ಟೆ. ಖಾಲಿ ಹೊಟ್ಟೆಯೂ ಕೆಟ್ಟದ್ದು, ತುಂಬಿದ ಹೊಟ್ಟೆಯೂ ಕೆಟ್ಟದ್ದು. ಅತ್ತೆ ಸೆರಗಿನ ಗಂಟಿನಲ್ಲಿ ಒಣಶುಂಠಿ ಇಟ್ಟುಕೊಂಡಿದ್ದರು. ನಾನೂ ಓರಗಿತ್ತಿಯೂ ಲೆಗ್ಗಿಂಗ್ಸ್ ಮೇಲೆ ತುಂಬುತೋಳಿನ ಬಿಗಿ ಟೀಶರ್ಟು ಹಾಕಿದೆವು. ಚೂಡಿದಾರ, ಓಢಣಿ ನೀರಿನಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತದೆ. ನೀರಿನಲ್ಲಿ ಬೋರಲಾಗಿ ತೇಲುವಾಗ ಬಿಸಿಲು ಬೀಳುವುದು ಬೆನ್ನಿಗೆ, ಕುತ್ತಿಗೆಗೆ, ಮೊಣಕಾಲ ಹಿಂಬದಿಗೆ. ಕ್ರೀಮಿಗಿಂತ ಬಟ್ಟೆ ನಂಬುವುದು ಮೇಲು, ಕ್ರೀಮು ಮೀನುಗಳ ನೀರಿಗೆ ಕರಗುವುದೂ ತಪ್ಪುತ್ತದೆ. ತಾಳಿ, ಬಳೆ ಎಲ್ಲ ಅತ್ತೆಯ ಚೀಲಕ್ಕೆ ಹೋದವು.

ಕೋಕೋ ಬೀಚಿನಿಂದ ಒಂಬತ್ತಕ್ಕೆ ಹೊರಟೆವು. ಬೋಟು ಹೊರಟ ಐದು ನಿಮಿಷಕ್ಕೆ ಸ್ಪೀಕರು ಶುರು, ಬಿಯರು ತೆರೆಯುವ ಸದ್ದೂ ಶುರು. ಮೈದುನ ಒಂದು ಕೈಗೆತ್ತಿಕೊಂಡಿದ್ದ. "ನೀರಿಗೆ ಇಳದ ಬಂದಮ್ಯಾಲೆ ಕುಡೀಪಾ, ಈಗ ಬ್ಯಾಡ" ಅಂದೆ. ಮುಖ ಸಣ್ಣದು ಮಾಡಿಕೊಂಡ, ಆದರೆ ಕೆಳಗಿಟ್ಟ. ಇದರಲ್ಲಿ ನಾನು ಗಟ್ಟಿ. ಹೊಟ್ಟೆಯಲ್ಲಿ ಮದ್ಯ, ಬಾಯಲ್ಲಿ ಕೊಳವೆ, ಕೆಳಗೆ ಸಮುದ್ರ: ಅಲ್ಲಿ ವಾಂತಿ ಬಂದರೆ ಉಸಿರಾಡುವ ದಾರಿಯೇ ಕಟ್ಟಿಹೋಗುತ್ತದೆ. ನಮ್ಮದೇ ಬೋಟಿನಲ್ಲಿ ಬಂದಿದ್ದ ಗೆಳೆಯರ ಗುಂಪಿನಲ್ಲಿ ಇಬ್ಬರು ದ್ವೀಪ ಮುಟ್ಟುವಷ್ಟರಲ್ಲಿ ನಾಲ್ಕು ಬಾಟಲಿ ಮುಗಿಸಿದ್ದರು. ಗೈಡು ಅವರನ್ನು ನೀರಿಗೆ ಇಳಿಸಲಿಲ್ಲ. ಅವರು ಎಷ್ಟು ಕೂಗಾಡಿದರೂ ಅವನು ಬಗ್ಗಲಿಲ್ಲ. ಅವನ ಮೇಲೆ ನನಗೆ ಗೌರವ ಬಂದದ್ದು ಆಗಲೇ.

ಕುಣಿತ ನನಗೂ ಇಷ್ಟ. ಆದರೆ ಹೋಗುವಾಗ ನಾವು ಬೋಟಿನ ನಡುವೆ, ಎಂಜಿನ್ನಿನ ಹೊಗೆ ತಾಗದ ಕಡೆ ಕೂತು ದೂರದ ದಿಗಂತ ನೋಡುತ್ತ ಹೋದೆವು. ಕಿವಿಯೊಳಗಿನ ಸಮತೋಲದ ಅಂಗಕ್ಕೆ ಅಲುಗಾಟ ಗೊತ್ತಾಗುತ್ತಿರುತ್ತದೆ, ಮೊಬೈಲು ನೋಡುತ್ತ ಕೂತರೆ ಕಣ್ಣಿಗೆ ಅದು ನಿಂತಂತೆ ಕಾಣುತ್ತದೆ. ಇವೆರಡರ ಜಗಳವೇ ಹೊಟ್ಟೆ ತೊಳಸುವುದು. ಎಡಕ್ಕೆ ಮಾಂಡವಿ ನದಿ, ಬಲಕ್ಕೆ ಪೋರ್ಚುಗೀಸರು 1612ರಲ್ಲಿ ಕಟ್ಟಿ ಮುಗಿಸಿದ ಅಗ್ವಾಡಾ ಕೋಟೆ, ಅದರ ಬುಡದಲ್ಲಿ ಗೋವಾ ವಿಮೋಚನೆಗೆ ಹೋರಾಡಿದವರನ್ನು ಇಟ್ಟಿದ್ದ ಜೈಲು. ಅದು ಈಗ ವಸ್ತುಸಂಗ್ರಹಾಲಯ. ಅಳಿವೆ ದಾಟುವಾಗ ಡಾಲ್ಫಿನ್ ಕಂಡವು, ಬೆನ್ನು ಗೂನಾಗಿರುವ ಜಾತಿಯವು. ನಾಲ್ಕೈದು ಬೋಟು ಅವನ್ನು ಸುತ್ತುವರಿದು ಅಟ್ಟುತ್ತಿದ್ದುದು ನೋಡಿ ಬೇಸರವಾಯಿತು. "ದೂರನ ನಿಲ್ಲಸ್ರಿ, ನಮಗ ಅವಸರ ಇಲ್ಲ" ಅಂತ ಯಜಮಾನರು ಹೇಳಿದ ಮೇಲೆ ನಮ್ಮ ಬೋಟಿನವರು ಎಂಜಿನ್ ತಗ್ಗಿಸಿದರು. ಸ್ವಲ್ಪ ಹೊತ್ತಿಗೆ ಒಂದು ಜೋಡಿ ತಾನಾಗಿ ನಮ್ಮ ಕಡೆಗೇ ಎದ್ದು ಉಸಿರುಬಿಟ್ಟು ಹೋಯಿತು. ಆ "ಫುಸ್" ಸದ್ದು ಅತ್ತೆಗೂ ಕೇಳಿಸಿತು.

ಗಂಟೆಗೂ ಮೀರಿ ಸಾಗಿದ ಮೇಲೆ, ಮಾರ್ಮುಗೋವಾ ಬಂದರಿನಾಚೆ ದ್ವೀಪ ಬಂತು. ಗಾಳಿಗೆ ಮರೆಯಾದ ಕಡೆ ಲಂಗರು ಹಾಕಿದರು. ನಿಂತ ಬೋಟು ಓಡುವ ಬೋಟಿಗಿಂತ ಹೆಚ್ಚು ತೂಗಾಡುತ್ತದೆ, ಹೀಗಾಗಿ ನಾವೇ ಮೊದಲ ತಂಡದಲ್ಲಿ ಇಳಿಯುತ್ತೇವೆ ಅಂದೆವು. ಮಗಳ ಜಾಕೆಟ್ಟನ್ನು ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿದೆ, ಕಿವಿಯವರೆಗೆ ಬಂತು. ಕಾಲಸಂದಿಯ ಪಟ್ಟಿ ಹಾಕಿ, ಬಕಲು ಬಿಗಿಸಿ ಮತ್ತೆ ಎಳೆದೆ. ನಿಂತಿತು.

ಏಣಿ ಇಳಿದೆ. ನೀರು ಅಂದುಕೊಂಡದ್ದಕ್ಕಿಂತ ತಣ್ಣಗಿತ್ತು. ಬಕೆಟ್ಟು, ಈಜುಕೊಳ ಎಲ್ಲ ಮರೆತುಹೋಯಿತು. ಮುಖ ಹಾಕಿದೆ, ಒಂದು ಅಲೆ ಕೊಳವೆಯ ಮೇಲೆ ಬಂತು, ಉಪ್ಪುನೀರು ಗಂಟಲಿಗಿಳಿಯಿತು. ಊದಬೇಕಾದಲ್ಲಿ ಎಳೆದುಬಿಟ್ಟಿದ್ದೆ. ಕೊಳವೆ ಕಿತ್ತು ಏಣಿಗೆ ಜೋತುಬಿದ್ದೆ. ಎದೆ ಡವಡವ. ಸಾಕು, ಮೇಲೆ ಹೋಗುತ್ತೇನೆ ಅಂತ ಯಜಮಾನರಿಗೆ ಕನ್ನಡದಲ್ಲಿ ಹೇಳಿದೆ. ಪಕ್ಕದಲ್ಲಿದ್ದ ಗೈಡು ತಿರುಗಿ ನೋಡಿದ.

"ಅಕ್ಕಾರ, ನೀವು ನಮ್ಮ ಕಡೆಯವ್ರನ? ಬಾಯಾಗ ಉಸುರ ಎಳೀರಿ. ಮೂಗು ಐತಿ ಅನ್ನೂದ ಮರತುಬಿಡ್ರಿ."

ಕುಡಿದವರನ್ನು ನೀರಿಗೆ ಬಿಡದವನು ಇವನೇ. ಬಾದಾಮಿ ಕಡೆಯ ಹುಡುಗ, ಮಲಪ್ರಭೆಯಲ್ಲಿ ಈಜು ಕಲಿತವನಂತೆ. ಅವನು ಅವಸರಪಡಿಸಲಿಲ್ಲ. ಏಣಿ ಹಿಡಿದೇ ಇರಿ, ಮುಖ ಮಾತ್ರ ಹಾಕಿ ಅಂದ. ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ. ಅವನು ನನ್ನ ಮುಂಗೈ ಮೇಲೆ ಬೆರಳಿನಿಂದ ತಟ್ಟುತ್ತ ಎಣಿಸಿದ. ಉಸಿರು ಹೊರಬಿಡುವುದು ಉದ್ದವಾದಂತೆ ಎದೆಬಡಿತ ಇಳಿಯಿತು. ಹತ್ತು ಉಸಿರಿನ ಮೇಲೆ ಒಂದು ಕೈ ಬಿಟ್ಟೆ, ಇಪ್ಪತ್ತರ ಮೇಲೆ ಇನ್ನೊಂದು. ಆಮೇಲೆ ಅವನು ನೀರಿನ ಮೇಲೆ ತೇಲುವ ಗಾಳಿಬಳೆಯ ಹಗ್ಗ ಕೊಟ್ಟ. ಅದನ್ನು ಹಿಡಿದು ನಾನು, ಮಗಳು, ಓರಗಿತ್ತಿ ಮೂವರೂ ಬೋರಲಾಗಿ ತೇಲಿದೆವು, ಅವನು ಮುಂದೆ ಈಜುತ್ತ ನಿಧಾನಕ್ಕೆ ಎಳೆದ. ಕಾಲು ಬಡಿಯಬೇಡಿ, ಬಡಿದರೆ ಮಣ್ಣೇಳುತ್ತದೆ, ಮೀನು ಓಡುತ್ತವೆ ಅಂದಿದ್ದ.

ನೀರು ಚಿತ್ರಗಳಲ್ಲಿ ಕಾಣುವಂತೆ ನೀಲಿ ಇರಲಿಲ್ಲ. ಹಸಿರು, ಹತ್ತು ಹನ್ನೆರಡು ಅಡಿ ಆಚೆಗೆ ಮಬ್ಬು. ಮಾಂಡವಿ, ಜುವಾರಿ ಎರಡೂ ನದಿಗಳು ಮಣ್ಣು ತಂದು ಸುರಿಯುವ ಕಡಲು ಇದು. ಮುರುಡೇಶ್ವರದ ನೇತ್ರಾಣಿಯಲ್ಲಿ ನೀರು ಇದಕ್ಕಿಂತ ತಿಳಿ ಅಂತ ಹುಡುಗನೇ ಹೇಳಿದ. ತಿಳಿನೀರೇ ಬೇಕೆನ್ನುವವರು ಅಲ್ಲಿಗೆ ಹೋಗಲಿ. ಆದರೆ ಆ ಹಸಿರಿನೊಳಗಿಂದ ಹಳದಿ ಮೈಗೆ ಕಪ್ಪು ಪಟ್ಟೆಯ ಮೀನುಗಳ ಹಿಂಡು ಬಂದಾಗ ನಾನು ಉಸಿರೆಣಿಸುವುದನ್ನೇ ಮರೆತಿದ್ದೆ. ಉಸಿರು ಮಾತ್ರ ತನ್ನಷ್ಟಕ್ಕೆ ಬಾಯಿಂದ ನಡೆಯುತ್ತಿತ್ತು. ಬಂಡೆಯ ಸಂದಿನಲ್ಲಿ ಉದ್ದ ಮುಳ್ಳಿನ ಕಪ್ಪು ಚೆಂಡುಗಳು, ಅವೂ ಜೀವಿಗಳೇ. ಮುಟ್ಟಿದರೆ ಮುಳ್ಳು ಮುರಿದು ಚರ್ಮದಲ್ಲೇ ಉಳಿಯುತ್ತದೆ. ಗಿಳಿಮೀನೊಂದು ಬಂಡೆಗೆ ಬಾಯಿ ಹಚ್ಚಿ ಕೆರೆಯುತ್ತಿತ್ತು. ಕಿವಿಗೊಟ್ಟರೆ ಆ ಕರಕರ ಕೇಳುತ್ತದೆ! ಮೇಲೆ ಡಿಜೆ ಹಾಡು ಹಾಕಿದ್ದರು, ಕೆಳಗೆ ನನಗೆ ಕೇಳಿಸಿದ್ದು ಇದೊಂದೇ. ಮಗಳು ಕೊಳವೆಯೊಳಗಿಂದಲೇ ಏನೋ ಕೂಗಿದಳು. ಮಾತು ಅರ್ಥವಾಗಲಿಲ್ಲ, ಖುಷಿ ಅರ್ಥವಾಯಿತು.

ಇನ್ನೊಂದು ಬೋಟಿನವರು ಮೀನು ಸೇರಿಸಲು ಬ್ರೆಡ್ಡು ಚೂರು ಎಸೆಯುತ್ತಿದ್ದರು, ಒಬ್ಬ ಹವಳ ಬೆಳೆದ ಬಂಡೆಯ ಮೇಲೆ ನಿಂತು ಸೆಲ್ಫಿ ತೆಗೆಯುತ್ತಿದ್ದ. ಹವಳ ಕಲ್ಲಿನಂತೆ ಕಂಡರೂ ಜೀವ, ಬೆಳೆಯುವುದು ಬಹಳ ನಿಧಾನ. ನಮ್ಮ ಹುಡುಗ ಕೂಗಿ ಅವನನ್ನು ಇಳಿಸಿದ. ದಯವಿಟ್ಟು ಯಾರೂ ನಿಲ್ಲಬೇಡಿ, ದಣಿದರೆ ಬೆನ್ನ ಮೇಲೆ ಮಲಗಿ, ಜಾಕೆಟ್ಟು ಹಿಡಿದಿರುತ್ತದೆ.

ಮೇಲೆ ಬಂದಾಗ ಬೆರಳೆಲ್ಲ ಸುಕ್ಕು, ಬಾಯಿ ಉಪ್ಪು. ಸಿಹಿನೀರಿನಲ್ಲಿ ಬಾಯಿ ಮುಕ್ಕಳಿಸಿ ನಿಂಬೆ ಪಾನಕ ಕುಡಿದೆವು. ಅನ್ನ, ಮೀನಿನ ಸಾರು, ನಮಗೆ ದಾಲು, ಸೌತೆಕಾಯಿ. ಮೈದುನ ತನ್ನ ಬಿಯರು ತೆರೆದ. ಯಾರೋ ಕನ್ನಡದ ಹಾಡು ಹಾಕಿಸಿದರು, ಈಗ ನಾನೂ ಕುಣಿದೆ, ಓರಗಿತ್ತಿಯ ಕೈ ಹಿಡಿದು, ಒದ್ದೆ ಬಟ್ಟೆಯಲ್ಲೇ. ಕುಡಿದಿದ್ದ ಆ ಇಬ್ಬರು ಬೆಂಚಿನ ಮೇಲೆ ಮಲಗಿದ್ದರು.

ವಾಪಸು ಅಳಿವೆಯ ಹತ್ತಿರ ನೀರು ಕಂದು ಬಣ್ಣಕ್ಕೆ ತಿರುಗಿತು. ಅತ್ತೆ ಮೊಮ್ಮಗಳಿಂದ ಗಿಳಿಮೀನಿನ ಕಥೆ ಮೂರನೇ ಸಲ ಕೇಳುತ್ತಿದ್ದರು. ಅತ್ತೆಯ ತವರು ಖಾನಾಪುರ ತಾಲೂಕಿನ ಕಾಡಂಚಿನ ಹಳ್ಳಿ. "ಅತ್ತಿ, ಈ ಮಾಂಡವಿ ಅಂದ್ರ ನಿಮ್ಮ ಮಹದಾಯಿನರಿ" ಅಂದೆ. ಅವರು ನನ್ನನ್ನೇ ನೋಡಿದರು. "ಖರೇ ಏನ? ನಮ್ಮ ಹೊಳಿ ಇಷ್ಟ ಅಗಲ ಆಗೈತೇನ?" ಬೋಟು ದಡಕ್ಕೆ ನಿಧಾನಿಸಿದಾಗ ಬಾದಾಮಿಯ ಹುಡುಗ ಅವರ ರಟ್ಟೆ ಹಿಡಿದುಕೊಂಡ. ಅತ್ತೆ ಬಗ್ಗಿ ಬೆರಳು ಅದ್ದಿ, ಆ ನೀರನ್ನು ಮೊದಲು ತಮ್ಮ ಕಣ್ಣಿಗೆ, ಆಮೇಲೆ ಮೊಮ್ಮಗಳ ಕಣ್ಣಿಗೆ ಒತ್ತಿದರು.