ಕೈ ಕಾಯಬೇಕು, ಸೊಂಟ ಹೊರಡಬೇಕು

ನಮ್ಮ ಕಡೆ ಬೇಸ್‌ಬಾಲ್‌ನಂಥ ಆಟವಾದ ಸಾಫ್ಟ್‌ಬಾಲ್‌ಗೆ ಬರುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಮೊದಲು ಕ್ರಿಕೆಟ್ ಬ್ಯಾಟ್ ಹಿಡಿದವರು. ಅಡಿಕೆ ಒಣಗಿಸುವ ಅಂಗಳದಲ್ಲಿ ಅಣ್ಣಂದಿರ ಜೊತೆ ಆಡಿ ಬೆಳೆದವರು. ಚೆಂಡಿನ ಮೇಲೆ ಕಣ್ಣಿಡುವುದನ್ನು ಅವರಿಗೆ ಹೇಳಿಕೊಡಬೇಕಾಗಿಲ್ಲ, ಚೆಂಡಿನ ಭಯವೂ ಇಲ್ಲ. ಆದರೆ ಹೊಡೆತವೆಲ್ಲ ಮಣಿಕಟ್ಟಿನದು. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಅವರ ಸ್ಕ್ವೇರ್ ಕಟ್ ಬಗ್ಗೆ ಹಿರಿಯರ ಬಾಯಲ್ಲಿ ಕೇಳುತ್ತ ಬೆಳೆದ ಜಿಲ್ಲೆ ಇದು; ಮಣಿಕಟ್ಟಿನ ಆಟವೆಂದರೆ ನಮಗೆಲ್ಲ ಅಭಿಮಾನ. ಸಾಫ್ಟ್‌ಬಾಲ್‌ನಲ್ಲಿಯೂ ಮಣಿಕಟ್ಟು ಬೇಕು, ಆದರೆ ಅದರ ಸರದಿ ಕೊನೆಯದು. ಮೊದಲೇ ಬಂದರೆ ಚೆಂಡು ನೆಲಕ್ಕೆ ಬಡಿದು ಚೆಂಡೆಸೆಯುವ ಪಿಚ್ಚರ್ ಕೈಗೆ ಉರುಳಿಕೊಂಡು ಹೋಗುತ್ತದೆ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಣ ಶಿಕ್ಷಕಿ. ಕಾಲೇಜಿನಲ್ಲಿ ಈ ಆಟ ಆಡಿದ್ದೆ, ಈಗ ಕಲಿಸುತ್ತೇನೆ. ದೇಹ ಮತ್ತು ಕೈ ಒಂದೇ ಹೊಡೆತದಲ್ಲಿ ಸೇರಬೇಕಾದರೆ ಯಾವ ಡ್ರಿಲ್ ಕೆಲಸ ಮಾಡುತ್ತದೆ, ಯಾವುದನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನಾನು ಕಂಡಂತೆ ಬರೆಯುತ್ತಿದ್ದೇನೆ. ಎಲ್ಲವೂ ಬಲಗೈ ಆಟಗಾರ್ತಿಯರ ಲೆಕ್ಕದಲ್ಲಿದೆ. ಎಡಗೈಯವರು ತಿರುಗಿಸಿ ಓದಿಕೊಳ್ಳಬೇಕು.

ಕ್ರಿಕೆಟ್ ಬ್ಯಾಟಿಗೆ ನಾಲ್ಕೂಕಾಲು ಇಂಚಿನವರೆಗೆ ಅಗಲವಿರುವ ಚಪ್ಪಟೆ ಮುಖವಿದೆ. ಸಾಫ್ಟ್‌ಬಾಲ್ ಬ್ಯಾಟ್ ದುಂಡಗಿರುತ್ತದೆ, ಅತಿ ದಪ್ಪನೆಯ ಜಾಗದಲ್ಲಿಯೂ ಎರಡೂಕಾಲು ಇಂಚು ಮೀರುವುದಿಲ್ಲ. ಚೆಂಡಿನ ಸುತ್ತಳತೆ 12 ಇಂಚು, ತೂಕ 178ರಿಂದ 198 ಗ್ರಾಂ, ಅಂದರೆ ಕ್ರಿಕೆಟ್ ಚೆಂಡಿಗಿಂತ ದೊಡ್ಡದು, ಭಾರವೂ ಹೆಚ್ಚು. ಹದಿನಾಲ್ಕು ವರ್ಷದ ಹುಡುಗಿಯ ತೋಳಿನ ಬಲವೊಂದೇ ಅದನ್ನು ದೂರಕ್ಕೆ ಅಟ್ಟಲಾರದು. ಬಲವಿರುವುದು ತೊಡೆಯಲ್ಲಿ, ಸೊಂಟದಲ್ಲಿ. ಕೈ ಅದನ್ನು ಬ್ಯಾಟಿಗೆ ದಾಟಿಸಬೇಕು. ಮಹಿಳೆಯರ ಫಾಸ್ಟ್‌ಪಿಚ್‌ನಲ್ಲಿ, ಅಂದರೆ ವೇಗದ ಎಸೆತದ ಸಾಫ್ಟ್‌ಬಾಲ್‌ನಲ್ಲಿ, ಪಿಚ್ಚರ್ ನಿಲ್ಲುವುದು 43 ಅಡಿ ದೂರದಲ್ಲಿ. ಗಂಟೆಗೆ 90 ಕಿಲೋಮೀಟರ್ ವೇಗದ ಎಸೆತ ಸುಮಾರು ಅರ್ಧ ಸೆಕೆಂಡಿನಲ್ಲಿ ಬಂದು ಮುಟ್ಟುತ್ತದೆ. ಅಷ್ಟರಲ್ಲಿ 'ಮೊದಲು ಸೊಂಟ, ಆಮೇಲೆ ಭುಜ, ಆಮೇಲೆ ಕೈ' ಎಂದು ಯಾರೂ ನೆನೆದುಕೊಂಡು ಹೊಡೆಯಲಾರರು. ಆ ಸರದಿ ಮೈಗೆ ಹತ್ತಿರಬೇಕು, ಅದಕ್ಕೇ ಡ್ರಿಲ್.

ಮಳೆಗಾಲ ನಮಗೆ ಇದರಲ್ಲಿ ನೆರವಾಗಿದೆ. ಜೂನ್ ಬಂತೆಂದರೆ ಮೈದಾನ ಕೆಸರು, ತಿಂಗಳುಗಟ್ಟಲೆ ಚೆಂಡು ದೂರ ಹೊಡೆಯುವ ಹಾಗಿಲ್ಲ. ಶಾಲೆಯ ಜಗುಲಿಯೇ ಗತಿ. ಹೊಡೆದದ್ದು ಎಲ್ಲಿ ಬಿತ್ತು ಎಂದು ನೋಡುವಂತಿಲ್ಲದಿದ್ದಾಗ ಮಕ್ಕಳ ಗಮನ ತಮ್ಮ ಮೈಮೇಲೆ ಬರುತ್ತದೆ. ನರ್ಸರಿಗೆ ಕಟ್ಟುವ ಹಸಿರು ಶೇಡ್ ನೆಟ್ಟನ್ನು ಜಗುಲಿಯ ಕಂಬಗಳ ನಡುವೆ ಎರಡು ಪದರವಾಗಿ ಇಳಿಬಿಟ್ಟೆವು. ಚೆಂಡನ್ನು ಮೇಲಿಟ್ಟು ಹೊಡೆಯುವ ಗೂಟ, ಅಂದರೆ ಟೀ ಬೇಕಿತ್ತು; ತೋಟದ ನೀರಿನ ಪಿವಿಸಿ ಪೈಪಿನ ತುದಿಗೆ ಸೈಕಲ್ ಟ್ಯೂಬಿನ ತುಂಡು ಸಿಕ್ಕಿಸಿ, ಬುಡವನ್ನು ಸಿಮೆಂಟ್ ತುಂಬಿದ ಡಬ್ಬಿಯಲ್ಲಿ ನಿಲ್ಲಿಸಿದೆವು. ಚೆಂಡಿನ ಬದಲು ಬಟ್ಟೆ ತುಂಬಿ ಬಿಗಿಯಾಗಿ ಹೊಲಿದ ಕಾಲುಚೀಲ.

ಮೊದಲು ಬ್ಯಾಟನ್ನು ಕೈಗೆ ಕೊಡುವುದೇ ಇಲ್ಲ. ಎದೆಯ ಮೇಲೆ ಎರಡೂ ಕೈ ಕಟ್ಟಿಕೊಂಡು, ಮುಂದಿನ ಕಾಲನ್ನು ಒಂದು ಗೇಣು ಮುಂದಿಟ್ಟು, ಹಿಮ್ಮಡಿ ನೆಲ ಮುಟ್ಟಿದ ಕೂಡಲೇ ಸೊಂಟ ತಿರುಗಿಸಬೇಕು. ಹೊಕ್ಕುಳು ಪಿಚ್ಚರ್ ಕಡೆ ನೋಡಬೇಕು, ಕಟ್ಟಿದ ಕೈ ಆಮೇಲೆ ಹಿಂಬಾಲಿಸಬೇಕು. ಎದೆ ಮತ್ತು ಸೊಂಟ ಒಟ್ಟಿಗೇ ತಿರುಗಿದರೆ ಮತ್ತೆ ಮೊದಲಿನಿಂದ. ಹಿಂದಿನ ಕಾಲಿನ ಹಿಮ್ಮಡಿ ತಾನಾಗಿ ಮೇಲೇಳುತ್ತದೆ. ಏಳಿಸು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಮಕ್ಕಳು ಸೊಂಟ ಬಿಟ್ಟು ಹಿಮ್ಮಡಿಯನ್ನಷ್ಟೇ ಕುಣಿಸುತ್ತಾರೆ.

ಮಳೆ ಬಿಡುವು ಕೊಟ್ಟಾಗ ಇದನ್ನೇ ಅಂಗಳದ ಹಸಿ ಕೆಮ್ಮಣ್ಣಿನ ಮೇಲೆ ಬರಿಗಾಲಲ್ಲಿ ಮಾಡಿಸುತ್ತೇನೆ. ಮಣ್ಣು ಎಲ್ಲವನ್ನೂ ಹೇಳಿಬಿಡುತ್ತದೆ. ಸೊಂಟ ಸರಿಯಾಗಿ ತಿರುಗಿದ್ದರೆ ಹಿಂದಿನ ಪಾದದ ಹೆಬ್ಬೆರಳ ಬುಡದಲ್ಲಿ ದುಂಡಗೆ ಉಜ್ಜಿದ ಗುರುತು, ಹಿಮ್ಮಡಿ ಇದ್ದಲ್ಲಿ ತೆಳ್ಳಗಿನ ಅಚ್ಚು. ಮುಂದಿನ ಪಾದದ ಹಿಮ್ಮಡಿ ಆಳವಾಗಿ ಕೂತಿರುತ್ತದೆ, ಏಕೆಂದರೆ ಆ ಕಾಲು ಗಟ್ಟಿಯಾಗಿ ನಿಂತು ಮೈಯನ್ನು ತಡೆದಿದೆ. ಕೈಯಿಂದಲೇ ಹೊಡೆದವಳ ಹಿಂದಿನ ಪಾದ ಪೂರ್ತಿ ಚಪ್ಪಟೆಯಾಗಿ ಅಚ್ಚೊತ್ತಿರುತ್ತದೆ. ಮುಂದಕ್ಕೆ ಬಿದ್ದು ಹೊಡೆದವಳ ಮುಂದಿನ ಪಾದ ಜಾರಿದ ಗೆರೆ ಬಿಟ್ಟಿರುತ್ತದೆ. ಹುಡುಗಿಯರು ಒಬ್ಬರ ಗುರುತನ್ನು ಒಬ್ಬರು ಬಗ್ಗಿ ನೋಡಿ ತಾವೇ ತೀರ್ಪು ಕೊಡುತ್ತಾರೆ. ನನ್ನ ಹತ್ತು ಮಾತಿಗಿಂತ ಅದು ಬೇಗ ನಾಟುತ್ತದೆ.

ಕೈಯ ಪಾಠ ಬೇರೆ. ಬಲ ಮೊಣಕಾಲನ್ನು ನೆಲಕ್ಕೂರಿ, ಎಡಗಾಲನ್ನು ಮುಂದೆ ಚಾಚಿ ಕೂತು, ತಗ್ಗು ಟೀ ಮೇಲಿನ ಚೆಂಡನ್ನು ಒಂದೇ ಕೈಯಲ್ಲಿ ಹೊಡೆಯುವುದು. ಬ್ಯಾಟನ್ನು ನಡುವಿನಲ್ಲಿ ಹಿಡಿಯಬೇಕು, ಇಲ್ಲದಿದ್ದರೆ ಮಣಿಕಟ್ಟಿಗೆ ಪೆಟ್ಟು. ಎಡಗೈ ಬ್ಯಾಟನ್ನು ಎಳೆದು ತರಲು ಕಲಿಯುತ್ತದೆ. ಬಲಗೈಗೆ ಮಾತ್ರ ತುಂಗೆಯ ದಡದಷ್ಟು ಒಳ್ಳೆಯ ಶಾಲೆ ನನಗೆ ಸಿಕ್ಕಿಲ್ಲ. ಬೇಸಿಗೆಯಲ್ಲಿ ನೀರು ಇಳಿದು ಬಂಡೆಗಳ ನಡುವೆ ನಿಂತಾಗ ಮಕ್ಕಳು ಚಪ್ಪಟೆ ಕಲ್ಲನ್ನು ನೀರಿನ ಮೇಲೆ ಕುಪ್ಪಳಿಸುವಂತೆ ಎಸೆಯುತ್ತಾರಲ್ಲ, ಬಲಗೈ ಮಾಡಬೇಕಾದ ಕೆಲಸ ಅದೇ. ಮೊಣಕೈ ಪಕ್ಕೆಗೆ ಹತ್ತಿರ ಬರುತ್ತದೆ, ಅಂಗೈ ಆಕಾಶ ನೋಡುತ್ತದೆ, ಮೈ ತಿರುಗಿದ ಮೇಲೆ ಕೈ ಬೀಸುತ್ತದೆ. ಬ್ಯಾಟು ಚೆಂಡಿಗೆ ತಾಗುವ ಗಳಿಗೆಯಲ್ಲಿ ಬಲ ಅಂಗೈ ಮೇಲ್ಮುಖ, ಎಡ ಅಂಗೈ ಕೆಳಮುಖ ಇರಬೇಕು. ಬೇಸಿಗೆ ರಜೆಗೆ ಮುನ್ನ ನಾನು ಕೊಡುವ ಮನೆಗೆಲಸ ಇದೊಂದೇ: ಹೊಳೆಯೋ ಕೆರೆಯೋ, ದೊಡ್ಡವರ ಜೊತೆ ಹೋಗಿ ಕಲ್ಲೆಸೆಯಿರಿ.

ತೋಳು ಚಾಚಿ ಬ್ಯಾಟನ್ನು ದೂರದಿಂದ ಸುತ್ತಿಸಿ ತರುವವರಿಗೆ ನೆಟ್ ಡ್ರಿಲ್. ಬ್ಯಾಟಿನ ಹಿಡಿಯ ತುದಿಯನ್ನು ಹೊಕ್ಕುಳಿಗೆ ಇಟ್ಟಾಗ ಇನ್ನೊಂದು ತುದಿ ನೆಟ್ಟಿಗೆ ತಾಗುವಷ್ಟು ದೂರದಲ್ಲಿ ನಿಂತು, ನೆಟ್ ಸವರದಂತೆ ಬೀಸಬೇಕು. ಗೋಡೆಯೆದುರು ಮಾಡಿಸಬಾರದು, ಬ್ಯಾಟೂ ಹೋಗುತ್ತದೆ, ಕೈಯೂ ನೋಯುತ್ತದೆ. ಇದನ್ನು ಹೆಚ್ಚು ಹೊತ್ತು ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಕೈ ಮಡಚಿಕೊಂಡೇ ಹೊಡೆಯುವ ಚಾಳಿ ಬಂದರೆ ಬಿಡಿಸುವುದು ಕಷ್ಟ. ಕೆಲವು ಬೀಸು, ತಕ್ಷಣ ಟೀ ಬಳಿ ಹೋಗಿ ಚೆಂಡಿನ ಆಚೆಗೆ ಕೈ ನೀಳವಾಗಿ ಚಾಚುವಂತೆ ಕೆಲವು ಹೊಡೆತ.

ಇನ್ನು ಸೊಂಟ, ಕೈ ಎರಡನ್ನೂ ಜೋಡಿಸುವ ಕೆಲಸ. ನಾನು ಅತಿ ಹೆಚ್ಚು ಸಮಯ ಕೊಡುವುದು ಇಲ್ಲಿ, ಮತ್ತು ನನ್ನ ಮೆಚ್ಚಿನ ಡ್ರಿಲ್ 'ನಿಂತು ಹೊಡೆ'. ಹೆಜ್ಜೆ ಇಡು, ಕಾಲು ಊರು, ಅಲ್ಲೇ ನಿಲ್ಲು. ಆಗ ನಾನು ಸುತ್ತಿ ಬಂದು ನೋಡುತ್ತೇನೆ. ತಲೆ ಎರಡು ಪಾದಗಳ ನಡುವೆ ಇದೆಯೇ? ಕೈ ಇನ್ನೂ ಬಲ ಭುಜದ ಬಳಿಯೇ ಇದೆಯೇ, ಅಥವಾ ಕಾಲಿನ ಜೊತೆ ಮುಂದಕ್ಕೆ ಬಂದುಬಿಟ್ಟಿದೆಯೇ? ಮುಂದಿನ ಮೊಣಕಾಲು ತೂಗಾಡುತ್ತಿದೆಯೇ? ಎಲ್ಲ ಸರಿಯಿದ್ದರೆ 'ಹೂಂ' ಎನ್ನುತ್ತೇನೆ, ಹೊಡೆಯುತ್ತಾಳೆ. 'ಹೂಂ' ಒಮ್ಮೆ ಬೇಗ, ಒಮ್ಮೆ ತಡವಾಗಿ. ಕಾಲು ಊರಿದ ಮೇಲೂ ಕೈ ಹಿಂದೆ ಉಳಿಯುವುದು ಎಂದರೇನು ಎಂಬುದು ಆ ಕಾಯುವಿಕೆಯಲ್ಲಿ ಪಕ್ಕೆಯ ಸ್ನಾಯು ಸೆಳೆದಾಗ ಅವಳಿಗೇ ತಿಳಿಯುತ್ತದೆ.

ಆದರೆ ಇದರಲ್ಲಿ ಒಂದು ಅಪಾಯವಿದೆ. ನಿಂತು ಹೊಡೆಯುವುದೇ ರೂಢಿಯಾದರೆ ಹೊಡೆತ ಎರಡು ತುಂಡಾಗುತ್ತದೆ, ಸೊಂಟದ ಬಲ ಕೈಗೆ ತಲುಪುವ ಮೊದಲೇ ಆರಿಹೋಗುತ್ತದೆ. ಅದಕ್ಕೇ ಬೆನ್ನಿಗೇ 'ನಡೆದು ಹೊಡೆ' ಮಾಡಿಸುತ್ತೇನೆ. ಟೀಯಿಂದ ಒಂದೂವರೆ ಹೆಜ್ಜೆ ಹಿಂದೆ ನಿಂತು, ಬಲಗಾಲನ್ನು ಎಡಗಾಲಿನ ಹಿಂಬದಿಯಿಂದ ದಾಟಿಸಿ, ಎಡಗಾಲನ್ನು ಮುಂದಿಟ್ಟು, ಎಲ್ಲೂ ನಿಲ್ಲದೆ ಹೊಡೆಯಬೇಕು. ನಡಿಗೆಯ ವೇಗದಲ್ಲಿ ಮೈ ತಾನೇ ಮೊದಲು ಹೋಗುತ್ತದೆ, ಕೈ ತಾನೇ ಹಿಂದುಳಿದು ಆಮೇಲೆ ಚಿಮ್ಮುತ್ತದೆ. ನಿಲ್ಲುವುದು ಸರದಿಯನ್ನು ಕಲಿಸುತ್ತದೆ, ನಡೆಯುವುದು ಓಘವನ್ನು. ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಿಸುವ ತರಬೇತಿಯಲ್ಲಿ ನನಗೆ ನಂಬಿಕೆಯಿಲ್ಲ.

ಸರಿಯಾಯಿತೋ ಇಲ್ಲವೋ ಎಂದು ಕಿವಿಯಿಂದ ತಿಳಿಯುವ ಉಪಾಯವೂ ಇದೆ. ಬ್ಯಾಟನ್ನು ತಿರುವುಮುರುವು ಮಾಡಿ, ದಪ್ಪ ಭಾಗವನ್ನು ಕೈಯಲ್ಲಿ ಹಿಡಿದು ಜೋರಾಗಿ ಬೀಸಿದರೆ 'ಸುಯ್' ಎನ್ನುತ್ತದೆ. ಆ ಸದ್ದು ಮೈಯ ಮುಂದೆ, ಊರಿದ ಕಾಲಿನ ನೇರಕ್ಕೆ ಏಳಬೇಕು. ಬಲ ಕಿವಿಯ ಹಿಂದೆಯೇ ಕೇಳಿಸಿತೆಂದರೆ ಕೈ ಅವಸರಪಟ್ಟು ತನ್ನ ವೇಗವನ್ನು ಅಲ್ಲೇ ಖರ್ಚು ಮಾಡಿದೆ ಎಂದರ್ಥ. ಕಣ್ಣು ಮುಚ್ಚಿ ಬೀಸಿ, ಸದ್ದು ಎಲ್ಲಿ ಬಂತು ಎಂದು ಬೆರಳು ಮಾಡಿ ತೋರಿಸಲು ಹೇಳುತ್ತೇನೆ. ಶೀಟಿನ ಮೇಲೆ ಮಳೆ ಹೊಯ್ಯುವಾಗ ಇದು ನಡೆಯುವುದಿಲ್ಲ, ಹೊಳವಾಗುವವರೆಗೆ ಕಾಯಬೇಕು.

ಇಷ್ಟೆಲ್ಲ ಆದ ಮೇಲೆ ಬರುವ ಚೆಂಡು. ಎದುರಿಗೆ, ನೆಟ್ಟಿನ ಮರೆಯಲ್ಲಿ ಕೂತು, ಕೈಕೆಳಗಿನಿಂದ ನಾನೇ ಎಸೆಯುತ್ತೇನೆ. ವೇಗದ ನಡುವೆ ಹೇಳದೆ ಕೇಳದೆ ಒಂದೊಂದು ನಿಧಾನದ್ದು. ನಿಧಾನದ ಚೆಂಡಿಗೆ ಕಾಲು ಮೋಸಹೋದರೆ ಪರವಾಗಿಲ್ಲ, ಕೈ ಮೋಸಹೋಗಬಾರದು. ಕಳೆದ ವರ್ಷ ನಮ್ಮ ತಂಡದ ಒಬ್ಬ ತೆಳ್ಳನೆಯ ಹುಡುಗಿ, ಬ್ಯಾಟಿನ ಭಾರಕ್ಕೇ ವಾಲುತ್ತಿದ್ದವಳು, ಪಂದ್ಯದಲ್ಲಿ ಅಂಥದ್ದೇ ಎಸೆತಕ್ಕೆ ಕಾಲನ್ನು ಬೇಗ ಊರಿಬಿಟ್ಟಳು. ನಾನು ಗೆರೆಯಾಚೆ ಉಸಿರು ಬಿಗಿಹಿಡಿದು ನಿಂತಿದ್ದೆ. ಅವಳ ಕೈ ಭುಜದ ಬಳಿಯೇ ಇತ್ತು. ಚೆಂಡು ಬಂದ ಮೇಲೆ ಕೈ ಹೊರಟಿತು, ಓಡಿ ಮುಟ್ಟಬೇಕಾದ ಎರಡನೇ ಬೇಸಿನ ತಲೆಯ ಮೇಲಿಂದ ಚೆಂಡು ಮೈದಾನದ ಆಚೆ ಅಂಚಿಗೆ ಹೋಯಿತು. ಅವಳಿಗೆ ಓಡಬೇಕೆಂಬುದೇ ಒಂದು ಕ್ಷಣ ಮರೆತಿತ್ತು, ನಾವೆಲ್ಲ ಕೂಗಿ ಓಡಿಸಿದೆವು.

ಪಂದ್ಯದ ದಿನ ಬೆಳಿಗ್ಗೆ ನಾನು ಯಾವುದನ್ನೂ ತಿದ್ದುವುದಿಲ್ಲ. ನೆಟ್ ಡ್ರಿಲ್ ಇಲ್ಲ, ಒಂಟಿಗೈ ಇಲ್ಲ. ಕೈಕಟ್ಟಿ ಸೊಂಟ ತಿರುಗಿಸುವುದು ಮೈ ಬೆಚ್ಚಗಾಗುವವರೆಗೆ, 'ನಡೆದು ಹೊಡೆ' ಉಸಿರು ಏರುವವರೆಗೆ, ಆಮೇಲೆ ನನ್ನ ಕೈಯಿಂದ ನಿಧಾನದ ಕೆಲವು ಎಸೆತ. ಹಿಂದಿನ ದಿನ ಕೈ ಅವಸರಪಡುತ್ತಿದ್ದವಳು ಯಾರಾದರೂ ಇದ್ದರೆ ಅವಳಿಗೆ ಮಾತ್ರ 'ನಿಂತು ಹೊಡೆ', ಅದೂ ಉಳಿದವರಿಂದ ದೂರ ಕರೆದುಕೊಂಡು ಹೋಗಿ.